ಸುಮ್ಮನಾದ ಕಲ್ಲು

ಹೋದ ವಾರ ಚೆನ್ನೈನ ಸೌಕಾರ್‌ಪೇಟೆಯಲ್ಲಿ ಸೀರೆ ಆರಿಸುತ್ತಾ ಕೂತಿದ್ದಾಗ ಅಂಗಡಿಯವರು ಪನ್ನೀರು ಸೋಡಾ ತರಿಸಿದರು. ಮುಚ್ಚಳ ತೆಗೆದ ಕೂಡಲೇ ಗುಲಾಬಿಯ ಸಿಹಿ ವಾಸನೆ ಮೂಗಿಗೆ ಬಡಿಯಿತು. ಅಕ್ಕ ಇದ್ದಿದ್ದರೆ ಬಾಟಲಿಯನ್ನು ನನ್ನ ಕೈಯಿಂದ ಕಿತ್ತು ಕೆಳಗಿಡುತ್ತಿದ್ದರು... ನನ್ನೊಳಗೂ ಈಗ ಕಿಡ್ನಿಯ ಕಲ್ಲೊಂದಿದೆ. ಆಪರೇಷನ್ ಮಾಡಿಸುವುದೋ ಬೇಡವೋ ಎನ್ನುವುದು ಅವತ್ತಿಗಿನ್ನೂ ತೀರ್ಮಾನವಾಗಿರಲಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ, ವೇಲಚೇರಿಯಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿದ್ದವರು. ಧಾರವಾಡದ ಕಡೆಯವರು, ಅವರ ಯಜಮಾನರಿಗೆ ರೈಲ್ವೆಯಲ್ಲಿ ಕೆಲಸ. ನಾನು ಮದುವೆಯಾಗಿ ಮೈಸೂರಿನಿಂದ ಬಂದ ಹೊಸದರಲ್ಲಿ ಇಡೀ ಕಟ್ಟಡದಲ್ಲಿ ನನ್ನ ಜೊತೆ ಕನ್ನಡ ಮಾತಾಡಲು ಇದ್ದವರು ಅವರೊಬ್ಬರೇ. ಸಗಟಿನಲ್ಲಿ ಸೀರೆ ತಂದು ಮನೆಯಲ್ಲೇ ಮಾರುತ್ತಿದ್ದರು. ಕೈಯಲ್ಲಿ ಕಾಸಿಲ್ಲದೆ ಕೂತಿದ್ದ ನನ್ನನ್ನೂ ಜೊತೆಗೆ ಕರೆದೊಯ್ದು ವ್ಯಾಪಾರ ಕಲಿಸಿದರು.

ಚೌಕಾಸಿ ಮುಗಿಯುವ ತನಕ ಅಂಗಡಿಯವರು ಕೊಟ್ಟದ್ದನ್ನು ಕುಡಿಯಬಾರದು, ಕುಡಿದರೆ ದಾಕ್ಷಿಣ್ಯಕ್ಕೆ ಬಿದ್ದ ಹಾಗೆ ಎನ್ನುತ್ತಿದ್ದರು. ಮನೆಯಿಂದ ನೀರನ್ನೂ ಒಯ್ಯುತ್ತಿರಲಿಲ್ಲ. ಆ ಗಲ್ಲಿಗಳಲ್ಲಿ ಹೆಂಗಸರು ಮೂತ್ರಕ್ಕೆ ಹೋಗುವುದಾದರೂ ಎಲ್ಲಿಗೆ? ಚೆನ್ನೈನ ಬಿಸಿಲಲ್ಲಿ ಬೆಳಗಿನಿಂದ ಸಂಜೆಯ ತನಕ ಒಣ ಗಂಟಲಲ್ಲೇ ತಿರುಗುತ್ತಿದ್ದೆವು. ಹೊರಗೆ ದುಡಿಯುವ ಹೆಣ್ಣುಮಕ್ಕಳಿಗೆ ಹೇಳುತ್ತೇನೆ, ಈ ಒಂದು ಅಭ್ಯಾಸವನ್ನು ನಮ್ಮಿಂದ ಕಲಿಯಬೇಡಿ.

ಆದರೆ ಅಕ್ಕನ ನಿಜವಾದ ವಿದ್ಯೆ ಬೇರೆಯೇ ಇತ್ತು. ಬೆಲೆ ಕೇಳಿ, ತಮ್ಮದೊಂದು ಬೆಲೆ ಹೇಳಿ, ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತುಬಿಡುತ್ತಿದ್ದರು. ಅಂಗಡಿಯವರು ಬಟ್ಟೆಯನ್ನು ಹೊಗಳುತ್ತಿದ್ದರು, ನಷ್ಟ ಎಂದು ಗೋಳಾಡುತ್ತಿದ್ದರು. ಅಕ್ಕ ಕದಲುತ್ತಿರಲಿಲ್ಲ.

"ಅಂವಾ ಮಾತಾಡ್ಕೋತ ಇರೂ ತನಕ ರೇಟು ಇಳಸಂಗಿಲ್ಲ. ಸುಮ್ಮನಾದ ಅಂದ್ರ ಸೋತ ಅಂತ ತಿಳ್ಕೊ," ಎನ್ನುತ್ತಿದ್ದರು. "ಆಗ ನೀ ಬಾಯಿ ಬಿಡಬ್ಯಾಡವಾ."

ಇದು ಒಮ್ಮೆಯೂ ಸುಳ್ಳಾದದ್ದನ್ನು ನಾನು ನೋಡಲಿಲ್ಲ... ಅಂಗಡಿಗಳಲ್ಲಿ.

ಅಕ್ಕನಿಗೆ ಸೊಂಟದ ನೋವು ಬಂದಾಗ, ಮೂತ್ರದ ನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ತೆಗೆಸಿ ಎಂದರು ಡಾಕ್ಟರು. ದೀಪಾವಳಿ ಕಳೆಯಲಿ ಎಂದರು ಅಕ್ಕ. ದೀಪಾವಳಿ ಕಳೆದ ಮೇಲೆ ಜನವರಿಗೆ ಶುರುವಾಗುವ ತೈ ತಿಂಗಳ ಮದುವೆ ಸೀರೆಗಳ ವ್ಯಾಪಾರ ಎದುರಿಗಿತ್ತು. ಅಷ್ಟರಲ್ಲಿ ನೋವೇ ನಿಂತುಹೋಯಿತು. ಒಂದು ಸಂಜೆ ಹೋಳಿಗೆ ಹಿಡಿದುಕೊಂಡು ಮೇಲೆ ಬಂದು, "ಕಲ್ಲು ಸುಮ್ಮನಾತು ನೋಡು," ಎಂದು ನಕ್ಕರು. ಎದುರು ಪಾರ್ಟಿ ಸುಮ್ಮನಾದ ಮೇಲೆ ಗೆದ್ದ ಹಾಗೇ ಅಲ್ಲವೇ? ಇಬ್ಬರೂ ಹೋಳಿಗೆ ತಿಂದೆವು.

ನಮ್ಮ ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಿ ಅವರಿಗೆ ನಡುಕದ ಜ್ವರ ಬಂತು. ಸ್ಕ್ಯಾನ್ ಮಾಡಿದರೆ ಕಲ್ಲು ಇದ್ದಲ್ಲೇ ಇತ್ತು. ಅದರ ಹಿಂದೆ ಮೂತ್ರ ಕಟ್ಟಿಕೊಂಡು, ಕಿಡ್ನಿ ಊದಿ, ಕೆಲಸ ನಿಲ್ಲಿಸಿ, ಕೀವಾಗಿತ್ತು. ಎಷ್ಟೋ ಜನರಿಗೆ ನೋವು ಹೀಗೆಯೇ ಅಡಗುತ್ತದೆ, ಅದನ್ನೇ ಗುಣ ಎಂದುಕೊಳ್ಳುತ್ತಾರೆ ಎಂದರು ಡಾಕ್ಟರು. ಅಕ್ಕ ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಸೋತು ಸುಮ್ಮನಾಗಿದ್ದು ಕಲ್ಲು ಅಲ್ಲ ತಂಗಿ, ನನ್ನ ಕಿಡ್ನಿ."

ನಂಜು ರಕ್ತಕ್ಕೆ ಏರಿತ್ತು. ಅವರು ಮನೆಗೆ ಬರಲಿಲ್ಲ...

ನನ್ನ ಕಲ್ಲೂ ಅದೇ ಜಾಗದಲ್ಲಿ ಸಿಕ್ಕಿಕೊಂಡಿದೆ. ಪೋರೂರಿನ ಆಸ್ಪತ್ರೆಯಲ್ಲಿ, ಇದು ತಾನಾಗಿ ಇಳಿಯುವ ಗಾತ್ರದ್ದಲ್ಲ, ಸಣ್ಣ ನಳಿಕೆ ಬಿಟ್ಟು ಒಡೆದು ತೆಗೆಯಬೇಕು ಎಂದಿದ್ದರು. ಆಮೇಲೆ ನನಗೂ ನೋವು ನಿಂತಿತು. "ನೋವೇ ಇಲ್ವಲ್ಲೇ, ದೀಪಾವಳಿ ವ್ಯಾಪಾರ ಮುಗಿಸ್ಕೊ," ಎಂದರು ನಮ್ಮ ಯಜಮಾನರು. ಮಗಳದು ಎಂದಿನಂತೆ ತಮಿಳು: "ವಲಿ ಇಲ್ಲೈಯೇ ಮಾ, ಅಪ್ಪುರಂ ಎದುಕ್ಕು?" ನೋವಿಲ್ಲದ ಮೇಲೆ ಯಾಕೆ ಎಂದು ಅವಳಿಗೂ ಅದೇ ಪ್ರಶ್ನೆ.

ಕಲ್ಲು ಎಂದ ಕೂಡಲೇ ಎಲ್ಲರೂ ಆಪರೇಷನ್ನಿಗೆ ಓಡಿ ಎಂದು ನಾನು ಹೇಳುವುದಿಲ್ಲ. ಸಣ್ಣ ಕಲ್ಲು ಚೆನ್ನಾಗಿ ನೀರು ಕುಡಿದರೇ ಇಳಿದು ಹೋಗುತ್ತದೆ. ಇನ್ನೊಬ್ಬ ಡಾಕ್ಟರನ್ನೂ ಕೇಳಿ, ನಾನೂ ಕೇಳಿದೆ. ಆದರೆ ನೋವು ನಿಂತಿತೆಂದು ಕಲ್ಲು ಹೋಯಿತು ಎಂದುಕೊಳ್ಳಬೇಡಿ, ಸ್ಕ್ಯಾನ್ ಮಾಡಿಸಿ. ಸೌಕಾರ್‌ಪೇಟೆಯಿಂದ ಬಂದ ಮಾರನೆಯ ದಿನವೇ ನಾನು ಮಾಡಿಸಿದೆ. ಕಲ್ಲು ಕದಲಿರಲಿಲ್ಲ, ಕಿಡ್ನಿ ಊದತೊಡಗಿತ್ತು. ಸದ್ಯ, ಇನ್ನೂ ಕೆಲಸ ಮಾಡುತ್ತಿತ್ತು.

ಡಾಕ್ಟರು ಕ್ಯಾಲೆಂಡರ್ ನೋಡಿ ಒಂದು ದಿನ ಹೇಳಿದರು. ದೀಪಾವಳಿಗೆ ಮುಂಚಿನ ವಾರ, ನಮ್ಮ ವ್ಯಾಪಾರಕ್ಕೆ ಅದಕ್ಕಿಂತ ಕೆಟ್ಟ ದಿನ ಇನ್ನೊಂದಿಲ್ಲ. ಆಗಲಿ ಎಂದೆ. ಎದುರಿನವರು ಮೊದಲು ಹೇಳಿದ್ದಕ್ಕೇ ನಾನು ಒಪ್ಪಿಕೊಂಡದ್ದು ಅದೇ ಮೊದಲಿರಬೇಕು. ಅಕ್ಕ ಜೊತೆಗಿದ್ದಿದ್ದರೆ ಸೆರಗಿನ ಮರೆಯಲ್ಲಿ ನನ್ನ ತೊಡೆ ಚಿವುಟುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ನನ್ನ ಚೀಲ ಮಾತ್ರ ಇತ್ತು.