ನಾನು ತೊಳೆದ ಚೆಂಡು

ತಮ್ಮನ ಚೆಂಡನ್ನು ಹಾಳು ಮಾಡಿದವಳು ನಾನು. ಹೇಳಲಿಲ್ಲ. ಬೈಗುಳ ತಿಂದವಳು ಅವನ ಹೆಂಡತಿ ಶೋಭಾ. ಹದಿನೇಳು ದಿನ ನಾನು ಸುಮ್ಮನಿದ್ದು ಅವಳು ಮಾಡಿದ ಅಡುಗೆ ಉಂಡೆ.

ನಾನು ಮಂಡ್ಯ ಕಡೆಯವಳು, ಓದಿದ್ದು ಏಳನೆಯ ಕ್ಲಾಸು. ಗಂಡ ತೀರಿಕೊಂಡ ಮೇಲೆ ತಮ್ಮ ರವಿ ಅಮೆರಿಕದ ಮಿಲ್ಪಿಟಾಸಿಗೆ ಕರೆಸಿಕೊಂಡ. ಅವನು ಇಲ್ಲಿ ಕಾರ್ಖಾನೆಯೊಂದರಲ್ಲಿ ಮಿಷನ್ ರಿಪೇರಿ ಮಾಡುತ್ತಾನೆ. ಊರಲ್ಲಿ ಕೊತ್ತಂಬರಿ ಬೇಕೆಂದರೆ ಚಪ್ಪಲಿ ಮೆಟ್ಟಿ ಹೊರಟರಾಯಿತು. ಇಲ್ಲಿ ಗ್ರೋಸರಿಗೂ, ಅಂದರೆ ದಿನಸಿಗೂ, ಯಾರಿಗಾದರೂ ಪುರುಸೊತ್ತಾಗಿ ಕಾರು ತೆಗೆಯಬೇಕು. ಕಾದು ಕಾದು ರೇಗಿಹೋಗುತ್ತಿತ್ತು. ಒಮ್ಮೆ ಒಬ್ಬಳೇ ಬಸ್ಸು ಹತ್ತಿ ಹೋಗಿ ಹುಣಸೆಹಣ್ಣು ತಂದಾಗ ಯುದ್ಧ ಗೆದ್ದಷ್ಟು ಬೀಗಿದ್ದೆ.

ಬೇಸ್‌ಬಾಲು ಮಾತ್ರ ಇವತ್ತಿಗೂ ತಲೆಗೆ ಹತ್ತಿಲ್ಲ. ಕ್ರಿಕೆಟ್ಟಿನ ಹಾಗೆ ಬ್ಯಾಟಿದೆ, ಆದರೆ ಹೊಡೆದವನು ಅದನ್ನು ಬಿಸಾಕಿ ಓಡುತ್ತಾನೆ! ನಮ್ಮಲ್ಲಿ ಹಜಾರದ ಗೋಡೆಯ ಮೇಲೆ ದೇವರು, ತೀರಿಹೋದ ಹಿರಿಯರು. ರವಿಯ ಗೋಡೆಯ ತುಂಬ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಹಳೆಯ ಆಟಗಾರರು.

"ಇವ್ರೇ ನಿಮ್ಮ ತಮ್ಮನ ಮನೆದೇವ್ರು ಅಕ್ಕ. ಧೂಳು ಹೊಡೆಯೋ ಪೂಜಾರಿ ನಾನು," ಎಂದು ಶೋಭಾ ಕುಟುಕುತ್ತಿದ್ದಳು. ಕೆಳಗೆ ಗಾಜಿನ ಡಬ್ಬಿಯಲ್ಲಿ ಆ ಚೆಂಡು.

ಆಯುಧಪೂಜೆಯ ದಿನ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಚಾಕು, ಕುಕ್ಕರು, ರವಿಯ ಸ್ಪ್ಯಾನರು ಎಲ್ಲ ತೊಳೆದಿಟ್ಟೆ. ಚೆಂಡೂ ಆಟದ ಆಯುಧವೇ ತಾನೇ? ಮೇಲೆಲ್ಲ ನೀಲಿ ಗೀಚು. ಕೊಳೆಯಾದದ್ದನ್ನು ಪೂಜೆಗಿಡುವುದುಂಟೇ? ಸೋಪು ಹಚ್ಚಿ ಗಸಗಸ ಉಜ್ಜಿ, ಒರೆಸಿ, ಕುಂಕುಮವಿಟ್ಟೆ.

ಸಂಜೆ ರವಿ ಅದನ್ನು ಕೈಗೆತ್ತಿಕೊಂಡವನು ಬಿಳಿಚಿಕೊಂಡ.

"ಶೋಭಾ, ಇದನ್ನ ತೊಳ್ದಿದೀಯಾ?"

"ನಾನ್ಯಾಕ್ ತೊಳೀಲಿ?"

"ಕುಂಕುಮ ಅಕ್ಕ ಇಟ್ಟಿರ್ಬೋದು, ದಿನಾ ಒರೆಸೋಳು ನೀನೇ ತಾನೇ, ಸಹಿ ಎಲ್ಲ ಹೋಯ್ತು. ಕಸ ಕಸ ಅಂತಿದ್ದೆಯಲ್ಲ, ಈಗ ಸಮಾಧಾನ ಆಯ್ತಾ?"

ಶೋಭಾ ಒಮ್ಮೆ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಗಿತ್ತು. ನಾನು ಕರ್ಪೂರ ಹುಡುಕುವವಳ ಹಾಗೆ ತಿರುಗಿಕೊಂಡೆ. ಅವಳು ನನ್ನ ಹೆಸರೆತ್ತಲಿಲ್ಲ. ಗಂಡಹೆಂಡಿರ ಮಾತು ನಿಂತಿತು.

ಹದಿನೇಳನೆಯ ದಿನ ರವಿ ನನ್ನೊಬ್ಬಳನ್ನೇ ಆ ತಂಡದ ಸ್ಟೇಡಿಯಮ್ಮಿಗೆ ಕರೆದೊಯ್ದ. ಹೊರಗೆ ಆಟಗಾರನೊಬ್ಬನ ಕಂಚಿನ ಪ್ರತಿಮೆ. ಜನ ಅದರ ಬೂಟು ಮುಟ್ಟಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

"ಚೆಂಡಿನ ಮೇಲೆ ಬರ್ದಿದ್ದು ಇವ್ನೇನಾ?"

"ಇವರ ಜೊತೆ ಆಡ್ದೋರು ಅಕ್ಕ. ಈಗಿಲ್ಲ. ನಾನಿಲ್ಲಿಗೆ ಬಂದ ವರ್ಷ ಅವರ ಸಹಿಗೆ ಕ್ಯೂನಲ್ಲಿ ನಿಂತಿದ್ದೆ. ಫ್ಯಾಕ್ಟ್ರೀಲಿ ಒಬ್ರೂ ನನ್ನ ಹೆಸ್ರು ಸರಿಯಾಗಿ ಕೇಳಿರ್ಲಿಲ್ಲ. ಅಂಥಾ ದೊಡ್ಡೋರು ಕೇಳಿ, ರವೀಂದ್ರ ಅಂತ ಪೂರ್ತಿ ಬರ್ದು ಸಹಿ ಹಾಕಿದ್ರು. ಶೋಭಂಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ತೊಳೆದ್ಲಲ್ಲ."

ಅಲ್ಲೂ ನಾನು ಬಾಯಿ ಬಿಡಲಿಲ್ಲ. ಹೆದರಿಕೆ. ಊರಲ್ಲಿ ತಮ್ಮ ಮುನಿದರೆ ಚಿಕ್ಕಮ್ಮನ ಮನೆಯಲ್ಲಿ ನಾಲ್ಕು ದಿನ ಇದ್ದು ಬರಬಹುದು. ಇಲ್ಲಿ ಅವನದೊಂದೇ ಬಾಗಿಲು. ಅಲ್ಲಿಯ ನನ್ನ ಮನೆಯಲ್ಲಿ ಈಗ ಬೇರೆಯವರ ಒಲೆ ಉರಿಯುತ್ತದೆ. ಇಲ್ಲಿಯ ಒಲೆ ಶೋಭಾಳದು.

ಮನೆಗೆ ಬಂದಾಗ ಅವಳು ಬಡಿಸಿಟ್ಟಿದ್ದಳು. ರವಿ ತಟ್ಟೆ ಎತ್ತಿಕೊಂಡು ಟಿವಿಯ ಮುಂದೆ ಹೋದ.

"ಹೋದ್ರೆ ಹೋಗ್ಲಿ ಬಿಡಿ ಅಕ್ಕ. ನೀವು ಉಣ್ಣಿ, ಮುದ್ದೆ ಆರುತ್ತೆ."

ತಟ್ಟೆ ಸರಿಸಿ ಎದ್ದೆ. ಅವಳ ಕೈ ಹಿಡಿದುಕೊಂಡು ಹೋಗಿ ಅವನೆದುರು ನಿಂತೆ.

"ಚೆಂಡು ತೊಳ್ದೋಳು ನಾನು ಕಣಪ್ಪ. ಕೊಳೆ ಅನ್ಕೊಂಡು ಉಜ್ಜಿದೆ, ಅದು ತಿಳೀದೆ ಮಾಡಿದ್ದು. ಇವ್ಳು ಬೈಸ್ಕೊಳ್ಳೋವಾಗ ಸುಮ್ನಿದ್ದೆನಲ್ಲ, ಅದು ತಿಳಿದೇ ಮಾಡಿದ್ದು. ಶೋಭಾ, ತಪ್ಪಾಯ್ತು ಕಣವ್ವ. ನನ್ನ ಕ್ಷಮಿಸ್ಬಿಡು."