ಸೈರಾಗುಲ್ ಬಾಯಿಗೆ ಬಾರದ ಹೆಸರು

ನರೀನ್ ಪಟ್ಟಣಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೇಡಿಯೋ ಕೇಂದ್ರದ ಸಣ್ಣ ಕೋಣೆಯಲ್ಲಿ ಸೈರಾಗುಲ್ ಕೋಟು ಬಿಚ್ಚದೆ ಕೂತಿದ್ದಾರೆ. ಮುಂದಿಟ್ಟ ಚಹಾ ಆರಿದೆ. ಎದುರಿಗೆ ಕಾರ್ಯಕ್ರಮ ನಡೆಸಿಕೊಡುವ ನಾನು.

"ಕೊಲೆ ಸಿನಿಮಾ ಅಂದ್ರೆ ನಂಗೆ ಜೀವ ಬಾಯಿಗೆ ಬರುತ್ತೆ. ಯಾವಾಗ್ಲೂ ಬಾಗಿಲ ಪಕ್ಕದ ಕುರ್ಚೀನೇ ಬೇಕು, ಓಡೋಕೆ ಅನುಕೂಲ," ಎನ್ನುತ್ತಾರೆ ಅವರು.

ಇಂಥ ಪುಕ್ಕಲು ಹೆಂಗಸೇ ಪ್ರತಿ ಶನಿವಾರ ಬೆಳಗ್ಗೆ, ಊರಿಗೆ ಬಂದ ರೋಚಕ ಸಿನಿಮಾಗಳ ಗುಣದೋಷ ಹೇಳುವವರು. ಉಳಿದ ದಿನ ಉಣ್ಣೆಯ ಚಪ್ಪಲಿ ಹೊಲಿಯುತ್ತಾರೆ. ದನಿ ಎಲ್ಲರಿಗೂ ಪರಿಚಿತ, ಮುಖ ಯಾರಿಗೂ ಗೊತ್ತಿಲ್ಲ. ಕಥೆಯಲ್ಲಿ ಹೆಣ ಬಿದ್ದಾಗೆಲ್ಲ "ಅದರ ಮುಖ ಆಚೆ ತಿರುಗಲಿ" ಎಂದು ಕೇಡು ತಟ್ಟದಿರಲೆಂಬ ಮಾತು ಹೇಳಿ, ತಡೆದು ಉಸಿರು ಬಿಡುತ್ತಾರೆ. ಆ ಉಸಿರಿಗಾಗಿಯೇ ಕುರಿಗಾಹಿಗಳು ರೇಡಿಯೋ ಹಾಕುತ್ತಾರೆ.

ಇವತ್ತಿನ ಹೆದರಿಕೆ ಮಾತ್ರ ಪರದೆಯದಲ್ಲ. ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರೆತ್ತುವಂತಿಲ್ಲ, ಎತ್ತಿದರೆ ಅವರ ಆಯುಸ್ಸಿಗೆ ಕುತ್ತು. ಸೈರಾಗುಲ್ ಮಾವನ ಹೆಸರು ಕಿಲಿಚ್, ಅಂದರೆ ಕತ್ತಿ. ಗೋಡೆಗೆ ತೂಗುಹಾಕಿದ ಹಳೇ ಕತ್ತಿಯನ್ನೂ ಅವರು "ಕೊಯ್ಯೋದು" ಎಂದೇ ಕರೆಯುತ್ತಾರೆ.

ಎರಡು ವರ್ಷದ ಹಿಂದೆ ಬಂದ ಸಿನಿಮಾದಲ್ಲಿ ಸಾಧು ಡಾಕ್ಟರೊಬ್ಬನ ಹೆಸರೂ ಕಿಲಿಚ್ ಆಗಿತ್ತು. ರೂಢಿಬಲದಿಂದ ಸೈರಾಗುಲ್ ರೇಡಿಯೋದಲ್ಲಿ "ಕೊಯ್ಯುವವನು" ಎಂದುಬಿಟ್ಟರು. ಓಹೋ, ಕತ್ತು ಕೊಯ್ದವನು ಇವನೇ ಎಂದು ಊರೆಲ್ಲ ಲೆಕ್ಕ ಹಾಕಿತು. ಗ್ರಹಚಾರಕ್ಕೆ ಅವನೇ ಆಗಿದ್ದ! ಮಾರನೇ ದಿನವೇ ಚಿತ್ರಮಂದಿರ ಭಣಗುಟ್ಟಿತು.

ಮಾಲೀಕ ಮೈರಮ್‌ಬೆಕ್ ಕೂಗಾಡಿದ್ದು ಅವರಿಗಿನ್ನೂ ನೆನಪಿದೆ. "ಏನಕ್ಕ, ಕೊಲೆಗಾರನ್ನ ನೀನೇ ಹಿಡಿದುಕೊಟ್ರೆ ನನ್ನ ಟಾಕೀಸ್ ಯಾಕೆ? ಇನ್ನೊಂದ್ಸಲ ಹಿಂಗಾದ್ರೆ ಒಳಗೆ ಬಿಡಲ್ಲ!"

ಈಗ ಅದರ ಎರಡನೇ ಭಾಗ ಬಂದಿದೆ. ಸಿನಿಮಾದ ಹೆಸರೇ 'ಕಿಲಿಚ್'. ಹೆಸರನ್ನು ಸ್ಪಷ್ಟವಾಗಿ ಹೇಳಲೇಬೇಕೆಂದು ಮೈರಮ್‌ಬೆಕ್ ತಾಕೀತು ಮಾಡಿದ್ದಾನೆ. ಅತ್ತ ಆಸ್ಪತ್ರೆಯಲ್ಲಿ ಮಾವನಿಗೆ ಇದೇ ಬೆಳಗ್ಗೆ ಹೃದಯದ ಶಸ್ತ್ರಚಿಕಿತ್ಸೆ. ಎಲ್ಲ ಬಿಟ್ಟು ಇವತ್ತೇ ಆ ಹೆಸರು ಹೇಳುವುದೆಂದರೆ? ಇಂಥ ನಂಬಿಕೆಗಳನ್ನು ಗೇಲಿ ಮಾಡುವ ನನಗೂ ಇವತ್ತು ಅಳುಕು.

"ಹೆಸರು ನಾನು ಹೇಳಿಬಿಡಲೇ?" ಎನ್ನುತ್ತೇನೆ.

"ಬೇಡಪ್ಪಾ. ಭಯ ಆದ್ರೂ ಕಣ್ಮುಚ್ಚದೆ ನೋಡಿ ಅಂತ ಊರಿಗೆಲ್ಲ ಹೇಳೋಳು ನಾನು. ನಾನೇ ಕಣ್ಮುಚ್ಚಿದ್ರೆ ಹೆಂಗೆ?"

ಪ್ರಸಾರದ ಕೆಂಪು ದೀಪ ಹತ್ತುತ್ತದೆ. ನಮಸ್ಕಾರ ಹೇಳಿದವರು ಅಲ್ಲೇ ತಡೆಯುತ್ತಾರೆ. ಮೈಕನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಆಮೇಲೆ ಮಲಗಿದವರನ್ನು ಎಬ್ಬಿಸುವವರಂತೆ ಮೆಲ್ಲಗೆ, "ಕಿಲಿಚ್," ಎನ್ನುತ್ತಾರೆ. ಮುಖ ಬಿಳಚಿಕೊಂಡಿದೆ. ಆದರೂ ಮಾತು ಮುಂದುವರಿಯುತ್ತದೆ: "ಈ ಸಿನಿಮಾದಲ್ಲಿ ರಕ್ತ ಕಡಿಮೆ, ಬಾಗಿಲುಗಳು ಜಾಸ್ತಿ. ಒಂದೊಂದು ಬಾಗಿಲ ಮುಂದೂ ನಿರ್ದೇಶಕರು ನಮ್ಮನ್ನ ಕಾಯಿಸ್ತಾರೆ, ಅದೇ ಭಯ. ಕೊನೇಲಿ ಮಾತ್ರ ಕಾಯಿಸೋದು ಬಿಟ್ಟು ಬರೀ ಕಿರುಚಿಸ್ತಾರೆ. ಅಲ್ಲಿ ಸಿನಿಮಾ ಸೊರಗುತ್ತೆ."

ದೀಪ ಆರಿದ ಕೂಡಲೇ ಅವರ ಫೋನು ರಿಂಗಣಿಸುತ್ತದೆ. ಆಸ್ಪತ್ರೆಯದು. ತೆಗೆಯಲು ಧೈರ್ಯವಿಲ್ಲ, ನನ್ನ ಕಡೆ ನೋಡುತ್ತಾರೆ. ಕೊನೆಗೆ ಕಿವಿಗಿಡುತ್ತಾರೆ. ಮಾವನ ಒಣಗಿದ ದನಿ ನನಗೂ ಕೇಳಿಸುತ್ತದೆ.

"ಏನೇ ಸೊಸೆ, ಊರಿಗೆಲ್ಲ ಕೇಳೋ ಹಂಗೆ ನನ್ನ ಹೆಸರು ಕೂಗಿದ್ಯಲ್ಲ!"

"ತಪ್ಪಾಯ್ತು ಮಾವ..."

"ಅದಿರ್ಲಿ. ಈಗ ನನ್ನ ಒಳಗೆ ಕರ್ಕೊಂಡು ಹೋಗ್ತಾರಂತೆ. ಒಂದು ಹೇಳು. ಆ ಕಿಲಿಚ್ ಕೊನೇಲಿ ಉಳೀತಾನೋ, ಇಲ್ವೋ?"

ಸೈರಾಗುಲ್ ಕಣ್ಣಲ್ಲಿ ನೀರು ತುಂಬುತ್ತದೆ. ದನಿ ಮಾತ್ರ ಈಗ ನಡುಗುತ್ತಿಲ್ಲ.

"ನಾನು ಕೊನೆ ಹೇಳಲ್ಲ ಮಾವ. ಬಾಗಿಲ ಪಕ್ಕದ ಕುರ್ಚಿ ನಿಮಗೆ ಬಿಟ್ಕೊಡ್ತೀನಿ. ಬಂದು ನೋಡಿ."