ಬೇವಿನೆಲೆ ಇಟ್ಟ ಪುಟ

ಬೆಳಿಗ್ಗೆ ಕಪಾಟು ಒರೆಸುವಾಗ ಹಳೆಯ ಬೈಬಲ್ಲಿನೊಳಗಿಂದ ಒಣಬೇವಿನ ಕಹಿ ವಾಸನೆ ಬಂತು. ಆ ಪುಸ್ತಕ ನನ್ನದಲ್ಲ. ಮಾನ್ವಿಯಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ದೊಡ್ಡವ್ವನದು.

ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನಿಂದ ಮಾನ್ವಿಯ ಶಾಲೆಗೆ ಶಿಕ್ಷಕಿಯಾಗಿ ಹೋಗಿದ್ದೆ. ಹಾಸ್ಟೆಲಿನಲ್ಲಿ ಬೆಳೆದವಳು ನಾನು. ಏಳುವುದು, ಓದುವುದು, ಉಣ್ಣುವುದು ಎಲ್ಲಕ್ಕೂ ಗಂಟೆ. ದೊಡ್ಡವ್ವ ಹೊಲದ ಕೂಲಿಗೆ ಹೋಗುತ್ತಿದ್ದರು. ವಯಸ್ಸಾದ ಮೇಲೆ ಚರ್ಚಿನಲ್ಲಿ ಅಕ್ಷರ ಕಲಿತಿದ್ದರು. ಅವರ ಆಸೆ ಒಂದೇ: ಬೈಬಲ್ಲನ್ನು ಮೊದಲಿನಿಂದ ಓದುತ್ತ ಹೋಗಿ, ಯೇಸು ಹುಟ್ಟಿದ ಕತೆಯನ್ನು ತಮ್ಮ ಕಣ್ಣಿನಿಂದಲೇ ಓದಬೇಕು.

ಹೊಸ ವರ್ಷಕ್ಕೆ ಚರ್ಚಿನಲ್ಲಿ ಕೊಡುವ ವರ್ಷದ ಓದಿನ ಪಟ್ಟಿಯನ್ನು ಗೋಡೆಗೆ ಅಂಟಿಸುತ್ತಿದ್ದರು. ಆದರೆ ಜೋಳದ ಸುಗ್ಗಿ ಬಂದೊಡನೆ ಓದು ತಪ್ಪುತ್ತಿತ್ತು. ತಪ್ಪಿದರೆ ಮತ್ತೆ ಆದಿಕಾಂಡದ ಮೊದಲ ಪುಟಕ್ಕೇ ಹೋಗುತ್ತಿದ್ದರು. ಪ್ರತಿ ವರ್ಷವೂ ಜಲಪ್ರಳಯ ಓದಿದರು, ಮೋಶೆಯ ಜೊತೆ ಸಮುದ್ರ ದಾಟಿದರು, ಅಲ್ಲಿಗೇ ನಿಂತರು...

"ತಪ್ಪಿದ್ದು ತಪ್ಪಿತು ದೊಡ್ಡವ್ವ, ಇವತ್ತಿಂದು ಓದ್ರಿ," ಎಂದೆ.

"ಕಳೆ ತೆಗಿಯುವಾಗ ನಡುವ ಒಂದೀಟು ಬಿಟ್ಟು ಮುಂದ ಹೋದ್ರ ಮಾಲಕ ಸುಮ್ನಿರ್ತಾನೇನ್ರಿ ಅಕ್ಕೋರೆ? ತಿರುಗಿ ಸಾಲಿನ ತಲಿಗೇ ಕಳಸ್ತಾನ. ಇದೂ ಹಂಗ."

"ಹಂಗಾದ್ರ ನೋಹನ ಹಡಗಿನಾಗ ನಿಮಗೊಂದು ಖೋಲಿ ಕೊಡ್ತಾರ, ಅಲ್ಲೇ ಇರ್ರಿ."

ಬಾಯಿಗೆ ಸೆರಗು ಹಚ್ಚಿ ನಕ್ಕರು. "ಕೊಡ್ಲಿ ಬಿಡ್ರಿ, ಬಾಡಗಿ ಇಲ್ಲಲ್ಲ!"

ಎಂಬತ್ತರ ದಶಕ ಶುರುವಾದ ಮೇಲೆ ಒಂದು ವರ್ಷ ಇಬ್ಬರೂ ಸೇರಿ ನಿಯಮ ಮಾಡಿದೆವು. ನೀರು ತಂದಿಟ್ಟ ಮೇಲೆ ಓದು. ಓದದೆ ಒಲೆ ಹಚ್ಚುವಂತಿಲ್ಲ. ಗೋಡೆಯಾಚೆ ಅವರು ಅಕ್ಷರ ಕೂಡಿಸುವ ದನಿ ಕೇಳಿದಾಗ ನಾನೂ ನನ್ನ ಬೈಬಲ್ಲು ತೆರೆಯುತ್ತಿದ್ದೆ. ಆ ಸಲ ಸುಗ್ಗಿ ದಾಟಿತು, ಓದು ನಿಲ್ಲಲಿಲ್ಲ. ಮಗಳ ಬಾಣಂತನಕ್ಕೆ ದೇವದುರ್ಗಕ್ಕೆ ಹೋದಾಗಲೂ ಪುಸ್ತಕ ಗಂಟಿನಲ್ಲಿತ್ತು. ಹುಳ ಹಿಡಿಯಬಾರದೆಂದು, ಗುರುತಿಗೂ ಆಗಲೆಂದು ಓದಿದ ಪುಟದಲ್ಲಿ ಬೇವಿನೆಲೆ ಇಡುತ್ತಿದ್ದರು.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಹಳೆಯ ಒಡಂಬಡಿಕೆಯ ಕೊನೆಯ ಪುಸ್ತಕಕ್ಕೆ ಬಂದಿದ್ದರು. ಅದಾದರೆ ಯೇಸುವಿನ ಕತೆ. ಆಗ ಜ್ವರ ಹಿಡಿಯಿತು. ಔಷಧಿಗೂ ಇಳಿಯಲಿಲ್ಲ. ಮಗಳು ಬಂದು ಕೂತಳು. ಒಂದು ಸಂಜೆ ನಾನು ಪುಸ್ತಕ ತೆಗೆದುಕೊಂಡು, "ಯೇಸು ಹುಟ್ಟಿದ್ದು ನಾ ಓದ್ಲೇನ್ರಿ?" ಎಂದೆ. ಹಾಳೆ ತಿರುವಲು ಹೋದ ನನ್ನ ಕೈಯನ್ನು ಅವರ ಸುಡುವ ಕೈ ತಡೆಯಿತು.

"ಬ್ಯಾಡ್ರಿ ಯವ್ವಾ... ನಡುವ ಇನ್ನೊಂದೀಟು ಉಳದದ. ನಾಳಿಗಿ ನಾನೇ ಓದ್ತೀನಿ."

ಮರುದಿನ ಗೋಡೆಯಾಚೆ ದನಿ ಬರಲಿಲ್ಲ. ಸಾವಿನ ಮನೆಯಲ್ಲಿ ಒಲೆಯೂ ಹತ್ತಲಿಲ್ಲ...

ಮಗಳು ಪುಸ್ತಕವನ್ನು ನನಗೆ ಕೊಟ್ಟು ದೇವದುರ್ಗಕ್ಕೆ ಹೊರಟುಹೋದಳು. ಈಗ ರಾಯಚೂರಿನಲ್ಲಿ ಒಬ್ಬಳೇ ಇದ್ದೇನೆ. ನನ್ನ ವರ್ಷದ ಓದು ತಪ್ಪಿಲ್ಲ. ಯೇಸು ಹುಟ್ಟಿದ ಕತೆಯನ್ನು ಎಷ್ಟು ಸಲ ಓದಿದೆನೋ. ಇವತ್ತು ಅವರ ಪುಸ್ತಕ ತೆರೆದು, ಅವರು ಉಳಿಸಿಹೋದಷ್ಟನ್ನು ಗಟ್ಟಿಯಾಗಿ ಓದಿ ಮುಗಿಸಿದೆ. ಬೇವಿನೆಲೆಯನ್ನು ಯೇಸುವಿನ ಕತೆ ಶುರುವಾಗುವ ಮುಂದಿನ ಪುಟಕ್ಕೆ ಸರಿಸೋಣವೆಂದು ಮುಟ್ಟಿದೆ. ಬೆರಳಲ್ಲೇ ಪುಡಿಯಾಯಿತು.